ಮ್ಯೂಟ್ ಮಾಡಿದರೆ ಭಯ ಉಳಿಯುತ್ತಾ?

ನಮ್ಮನ್ನು ಹೆದರಿಸುವುದು ಸಂಗೀತವೋ, ದೃಶ್ಯವೋ? ತುಂಬಾ ದಿನದಿಂದ ಈ ಪ್ರಶ್ನೆ ಕೊರೆಯುತ್ತಿತ್ತು. ಕೊನೆಗೆ ಆಲ್ಫ್ರೆಡ್ ಹಿಚ್‌ಕಾಕ್ ಅವರ ಎರಡು ಚಿತ್ರಗಳಿಂದ ಒಂದೊಂದು ದೃಶ್ಯ ಆರಿಸಿಕೊಂಡೆ. ಎರಡನ್ನೂ ಒಮ್ಮೆ ಸದ್ದಿನ ಜೊತೆ, ಒಮ್ಮೆ ಮ್ಯೂಟ್ ಮಾಡಿ ನೋಡಿದೆ.

ಮೊದಲು 'ಸೈಕೋ' (1960), ಬಾತ್‌ರೂಮಿನ ಕೊಲೆ. ಸದ್ದಿದ್ದಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಇಡೀ ಚಿತ್ರಕ್ಕೆ ಬರೀ ತಂತಿವಾದ್ಯ ಬಳಸಿದ್ದಾರೆ. ಇಲ್ಲಿ ಪಿಟೀಲುಗಳು ಕಿರುಚುತ್ತವೆ. ಈ ದೃಶ್ಯಕ್ಕೆ ಸಂಗೀತವೇ ಬೇಡ ಅಂತಿದ್ದರು ಹಿಚ್‌ಕಾಕ್. ಹರ್ಮನ್ ಮಾಡಿದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಯಾಕೆ ಅಂತ ಮ್ಯೂಟ್ ಮಾಡಿದಾಗ ಗೊತ್ತಾಯಿತು. ಚಾಕು, ನೀರು, ಕೈ, ಪರದೆ ಸರಸರ ಬಂದು ಹೋಗುತ್ತವೆ. ಎಡಿಟಿಂಗ್ ಜಾಣತನ ಕಾಣುತ್ತದೆ, ಭಯ ಮಾತ್ರ ಅರ್ಧಕ್ಕಿಂತ ಜಾಸ್ತಿ ಇಳಿದುಹೋಗುತ್ತದೆ.

ಒಂದು ತುಣುಕು ಬಿಟ್ಟು. ಪರದೆಯ ಆಚೆ ನೆರಳೊಂದು ಹತ್ತಿರ ಬರುವ ಕೆಲವು ಸೆಕೆಂಡು. ಅಲ್ಲಿ ಮೊದಲೇ ಸಂಗೀತವಿಲ್ಲ, ಬರೀ ನೀರಿನ ಸದ್ದು. ನಮಗೆ ಕಾಣುತ್ತಿದೆ, ಸ್ನಾನ ಮಾಡುತ್ತಿರುವವಳಿಗೆ ಗೊತ್ತಿಲ್ಲ. ಮ್ಯೂಟ್ ಮಾಡಿದರೂ ಉಸಿರು ಬಿಗಿಹಿಡಿದೇ ಕೂತಿದ್ದೆ.

ಹಕ್ಕಿಗಳು ಜನರ ಮೇಲೆ ಎರಗುವ ಕಥೆಯ 'ದಿ ಬರ್ಡ್ಸ್' (1963) ಚಿತ್ರದ ಶಾಲೆಯ ದೃಶ್ಯ ಆ ಕೆಲವು ಸೆಕೆಂಡುಗಳನ್ನೇ ನಿಮಿಷಗಟ್ಟಲೆ ಎಳೆಯುತ್ತದೆ. ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಅದೇ ಹರ್ಮನ್ ಇಲ್ಲಿ ಧ್ವನಿಯ ಸಲಹೆಗಾರರು ಅಷ್ಟೇ. ನಾಯಕಿ ಮೆಲನಿ ಶಾಲೆಯ ಹೊರಗೆ ಬೆಂಚಿನ ಮೇಲೆ ಸಿಗರೇಟು ಸೇದುತ್ತಾ ಕೂತಿದ್ದಾಳೆ. ಹಿಂದೆ ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ. ಆಮೇಲೆ ಇನ್ನೂ ಕೆಲವು. ಸದ್ದಿಲ್ಲದೆ ನೋಡುವಾಗ ನಾನು ಸುಮ್ನೆ ಕಾಗೆ ಎಣಿಸತೊಡಗಿದ್ದೆ. ಕಳವಳ ಸ್ವಲ್ಪವೂ ಕಡಿಮೆಯಾಗಲಿಲ್ಲ.

ಆದರೆ ಕಳೆದುಕೊಂಡದ್ದೂ ಇದೆ. ಶಾಲೆಯ ಒಳಗಿಂದ ಮಕ್ಕಳ ಹಾಡು ಕೇಳುತ್ತಿರುತ್ತದೆ. ಹಾಡು ಮುಗಿಯಲಿ ಅಂತಲೇ ಅವಳು ಕಾಯುತ್ತಿರುವುದು. ಅದು ಮುಗಿಯುವುದೇ ಇಲ್ಲ. ಮುಗಿದರೆ ಮಕ್ಕಳು ಹೊರಗೆ ಬರುತ್ತಾರೆ, ಅಲ್ವಾ? ಎರಡೂ ಕಡೆಯಿಂದ ಒತ್ತಡ.

ಬೆಚ್ಚಿಬೀಳಿಸುವುದರಲ್ಲಿ 'ಸೈಕೋ' ಮುಂದು. ನನ್ನ ಓಟು ಕಾಗೆಗಳಿಗೆ. ಮ್ಯೂಟ್ ಮಾಡಿದ್ದಕ್ಕೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯಲ್ಲಿ ಕ್ಯಾಮೆರಾ ಮೆಲನಿಯ ಮೇಲೇ ನಿಂತುಬಿಡುತ್ತದೆ. ಹಿಂದೆ ಏನಾಗುತ್ತಿದೆ ಅಂತ ನಮಗೂ ತೋರಿಸುವುದಿಲ್ಲ. ಹಾರಿ ಬರುವ ಒಂದು ಕಾಗೆಯ ಜೊತೆ ಅವಳ ಕಣ್ಣು ಹಿಂದಕ್ಕೆ ತಿರುಗಿದಾಗ ಕಂಬಿಗಳೆಲ್ಲ ಕಪ್ಪು.