ಬಾತ್ರೂಮಿನ ಪಿವಿಸಿ ಪ್ಯಾನಲ್ ಮೇಲೆ ಏನು ಹಚ್ಚಿದ್ರೆ ನಿಲ್ಲತ್ತೆ? ನಾನು ಮಾಡಿ ನೋಡಿದ್ದು

ಆರು ವರ್ಷದ ಹಿಂದೆ ನಮ್ಮನೆ ಬಾತ್ರೂಮಿಗೆ ಪಿವಿಸಿ ಪ್ಯಾನಲ್ ಹೊಡ್ಸಿದ್ವಿ. ಶಿವಮೊಗ್ಗದ ಮಳೆಗಾಲ ಗೊತ್ತಲ್ಲ, ಗೋಡೆ ತುಂಬ ಬೂಷ್ಟು, ಗಾರೆ ಉದುರ್ತಿತ್ತು, ಟೈಲ್ಸ್ ಹಾಕ್ಸೋಕೆ ಆಗ ಕೈಲಿ ದುಡ್ಡಿರ್ಲಿಲ್ಲ. 10 ಅಡಿ ಉದ್ದ 10 ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿಗಳು, ಒಳಗೆ ಟೊಳ್ಳು, ಒಂದರ ಅಂಚು ಇನ್ನೊಂದಕ್ಕೆ ಲಾಕ್ ಆಗತ್ತೆ, ಒಂದೇ ದಿನದಲ್ಲಿ ಕೆಲಸ ಮುಗೀತು. ನೀರಿಗೆ ಏನೂ ಆಗ್ಲಿಲ್ಲ, ಆ ವಿಷಯದಲ್ಲಿ ದೂರಿಲ್ಲ. ತೊಂದ್ರೆ ಬಣ್ಣದ್ದು. ಅಂಗಡೀಲಿ ರಾಯಲ್ಲಾಗಿ ಕಾಣ್ತಿದ್ದ ಕಂದು ಮಾರ್ಬಲ್ ಡಿಸೈನು, ಅಂಗೈಯಗಲ ವೆಂಟಿಲೇಟರ್ ಇರೋ ನಮ್ಮ 5x7 ಅಡಿ ಬಾತ್ರೂಮಿಗೆ ಬಂದ್ಮೇಲೆ ಥೇಟ್ ಗುಹೆ. "ಮಧ್ಯಾಹ್ನನೂ ಲೈಟ್ ಹಾಕ್ಕೊಂಡೇ ಹೋಗ್ಬೇಕಲ್ಲೇ ಮಾರಾಯ್ತಿ" ಅಂತ ಅತ್ತೆ ಆರು ವರ್ಷದಿಂದ ಹೇಳ್ತಾನೇ ಇದ್ರು.

ಹೋದ್ವರ್ಷ ಬೇಸಿಗೇಲಿ ಹಾಲ್ ಪೇಂಟ್ ಮಾಡೋಕೆ ಬಂದಿದ್ದ ಪೇಂಟರ್ ಅಣ್ಣನ್ನ ಕೇಳ್ದೆ, ಇದಕ್ಕೂ ಬಿಳಿ ಹೊಡೀಬಹುದಾ ಅಂತ. "ಅಕ್ಕಾ, ಆಯಿಲ್ ಪೇಂಟು ಎಲ್ಲದಕ್ಕೂ ಹಿಡಿಯತ್ತೆ, ತಲೆ ಕೆಡಿಸ್ಕೋಬೇಡಿ" ಅಂದ್ರು. ಬಟ್ಟೇಲಿ ಒರೆಸಿ ಎರಡು ಕೋಟ್ ಹೊಡೆದ್ರು. ಆಹಾ, ಎಷ್ಟು ಚೆಂದ ಕಾಣ್ತು ಅಂದ್ರೆ ಫೋಟೋ ತೆಗ್ದು ತಂಗಿಗೆ ಕಳ್ಸಿದ್ದೆ. ಮೂರನೇ ವಾರ ನಲ್ಲಿ ಪಕ್ಕ ಒಂದ್ರೂಪಾಯಿ ನಾಣ್ಯದಷ್ಟು ಗುಳ್ಳೆ ಎದ್ದಿತ್ತು. ಒತ್ತಿದ್ರೆ ಒಳಗಿಂದ ನೀರು. ಅಂಚಿಗೆ ಉಗುರು ಹಾಕಿ ಎತ್ತಿದ್ದೇ ತಡ, ಮೊಣಕೈ ಉದ್ದದ ಪಟ್ಟಿ ಸರ್ರಂತ ಬಂತು, ಹಿಂದೆ ಹಳೇ ಕಂದು ಮಾರ್ಬಲ್ಲು ಒಂದು ಕಲೆ ಇಲ್ದೆ ಹೊಸದರ ಥರ ಹೊಳೀತಿತ್ತು. ಹಲಸಿನ ಹಪ್ಪಳ ಪ್ಲಾಸ್ಟಿಕ್ ಹಾಳೆ ಮೇಲೆ ತಟ್ಟಿ ಒಣಗಿಸ್ತೀವಲ್ಲ, ಒಣಗಿದ್ಮೇಲೆ ತಾನಾಗೇ ಎದ್ದು ಬರತ್ತೆ, ಪ್ಲಾಸ್ಟಿಕ್ ಹಾಕೋದೇ ಅದಕ್ಕೆ. ಪ್ಯಾನಲ್ಲಿಗೆ ಸುಮ್ನೆ ಪೇಂಟ್ ಬಳಿಯೋದೂ ಅದೇ ಕಥೆ. ಮರ, ಗಾರೆ ಎಲ್ಲ ಪೇಂಟನ್ನ ಕುಡಿಯತ್ತೆ, ಪಿವಿಸಿ ಕುಡಿಯಲ್ಲ, ಹಿಡ್ಕೊಳ್ಳೋಕೆ ಅದರ ಮೈಲಿ ತರಿನೂ ಇಲ್ಲ.

ಆಮೇಲೆ ಹಟ ಬಂತು ನಂಗೆ. ಅಟ್ಟದಲ್ಲಿ ಉಳಿದಿದ್ದ ಒಂದೂವರೆ ಪಟ್ಟೀನ ಆಕ್ಸಾ ಬ್ಲೇಡಲ್ಲಿ ಒಂದೊಂದಡಿ ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಹಚ್ಚಿ, ತೂತು ಹೊಡ್ದು ದಾರ ಕಟ್ಟಿ ಶವರ್ ಕೆಳಗೆ ನೀರು ಬೀಳೋ ಕಡೆನೇ ನೇತಾಕ್ದೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ, ಅಂದ್ರೆ ಬಟ್ಟೆನೇ ಒಣಗದ ಕಾಲ, ಇದಕ್ಕಿಂತ ಕಷ್ಟದ ಪರೀಕ್ಷೆ ಎಲ್ಲಿ ಸಿಗತ್ತೆ. ಮನೆಯವ್ರು "ಬಾತ್ರೂಮೋ ಬಾವುಟದ ಅಂಗಡಿನೋ" ಅಂತ ದಿನಾ ಆಡ್ಕೊಳೋರು.

ತುಂಡುಗಳಿಗೆಲ್ಲ ಮೊದಲ ಕೆಲಸ ಒಂದೇ ಮಾಡ್ದೆ. ನಮ್ದು ಬೋರ್ ನೀರು, ಪ್ಯಾನಲ್ ಮೇಲೆ ಬಿಳೀ ಉಪ್ಪು ಕಟ್ಟಿರತ್ತೆ, ಅದಕ್ಕೆ ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಉಜ್ಜಿದ್ದು (ಅಟ್ಟದ ತುಂಡಿಗೆ ಅದು ಬೇಕಿರ್ಲಿಲ್ಲ, ಗೋಡೆಗೆ ಬೇಕೇ ಬೇಕು), ಆಮೇಲೆ ಪಾತ್ರೆ ಸೋಪಲ್ಲಿ ಎರಡು ಸಲ, ಒಣಗಿದ್ಮೇಲೆ 220 ನಂಬರ್ ಎಮರಿ ಪೇಪರಲ್ಲಿ ಹೊಳಪು ಹೋಗೋ ತನಕ ತಿಕ್ಕೋದು, ಮತ್ತೆ ಒರೆಸೋದು. ಗಟ್ಟಿಯಾಗಿ ತಿಕ್ಕಬೇಡಿ, ಡಿಸೈನ್ ಇರೋದು ಮೇಲಿನ ತೆಳು ಫಿಲಂ ಮೇಲೆ, ಅದು ಹರಿದ್ರೆ ಅಂಚು ಎದ್ದು ಪೇಂಟ್ ಕೆಳಗೂ ಗೆರೆ ಕಾಣತ್ತೆ. ಸಾಕಾಯ್ತಾ ಇಲ್ವಾ ಅಂತ ನೋಡೋಕೆ ನೀರು ಚಿಮುಕಿಸ್ತಿದ್ದೆ. ನೀರು ಕೆಸುವಿನೆಲೆ ಮೇಲಿನ ಹಾಗೆ ಮಣಿ ಮಣಿಯಾಗಿ ನಿಂತ್ರೆ ಇನ್ನೂ ಜಿಡ್ಡಿದೆ ಅಂತ, ಹರಡ್ಕೊಂಡ್ರೆ ಸರಿ. ಒರೆಸೋಕೆ ಕೊರೊನಾ ಕಾಲದ ಸ್ಯಾನಿಟೈಸರ್ ಬಳಸೋಣ ಅಂತ ಹೊರಟಿದ್ದೆ, ಪುಣ್ಯಕ್ಕೆ ಬಾಟ್ಲಿ ಓದ್ದೆ, ಅದ್ರಲ್ಲಿ ಗ್ಲಿಸರಿನ್ ಇರತ್ತೆ, ಒಣಗಿದ್ಮೇಲೂ ಜಿಡ್ಡು ಬಿಡತ್ತೆ. ಥಿನ್ನರ್ ಅಂತೂ ಬೇಡ್ವೇ ಬೇಡ, ಪಿವಿಸಿ ಮೇಲ್ಮೈನೇ ಅಂಟಂಟಾಗತ್ತೆ.

ಮೊದಲ್ನೇ ತುಂಡು, ತಿಕ್ಕಿ ಅದೇ ಆಯಿಲ್ ಪೇಂಟ್. ಪೇಂಟರ್ ಅಣ್ಣನಿಗೆ ಇನ್ನೊಂದು ಚಾನ್ಸ್ ಅಂದ್ಕೊಳ್ಳಿ. ಮೊದಲಿನಷ್ಟು ಕೆಟ್ಟದಾಗಿ ಬರ್ಲಿಲ್ಲ, ಆದ್ರೆ ಆ ಮಳೇಲಿ ಒಣಗೋಕೇ ನಾಲ್ಕು ದಿನ ತಗೊಂಡ್ತು, ಆಗಸ್ಟ್ ಹೊತ್ತಿಗೆ ಬಿಳಿ ಹೋಗಿ ಹಳೇ ಪಂಚೆ ಬಣ್ಣ. ಕತ್ತಲೆ ಬಾತ್ರೂಮಲ್ಲಿ ಆಯಿಲ್ ಪೇಂಟು ಬೇಗ ಹಳದಿಗೆ ತಿರುಗತ್ತೆ, ಅದು ಅದರ ಗುಣ.

ಸ್ಪ್ರೇ ಡಬ್ಬಿ ತುಂಬಾ ಸುಲಭ, ಐದು ನಿಮಿಷದ ಕೆಲಸ ಅಂತ ತಂದಿದ್ದೆ. ಹೊಡೆದ ಹತ್ತೇ ನಿಮಿಷಕ್ಕೆ ಡಿಸೈನ್ ಫಿಲಂ ಸುಕ್ಕುಸುಕ್ಕಾಗಿ ಎದ್ದಿತ್ತು. ಅದರ ಸಾಲ್ವೆಂಟ್, ಅಂದ್ರೆ ಪೇಂಟ್ ಕರಗಿಸಿರೋ ಥಿನ್ನರಿನಂಥ ದ್ರವ, ಅಷ್ಟು ಸ್ಟ್ರಾಂಗು. ಇದ್ರ ಬಗ್ಗೆ ಇನ್ನೇನೂ ಹೇಳೋದಿಲ್ಲ.

ವಿನೈಲ್ ಸ್ಟಿಕ್ಕರ್ ಪೇಂಟೇ ಅಲ್ಲ, ಆದ್ರೂ ಎಲ್ಲರೂ ಅದನ್ನೇ ಅಂಟಿಸು ಅಂತಾರಲ್ಲ, ಅದಕ್ಕೆ ಸೇರಿಸ್ದೆ. ಒಂದು ತಿಂಗಳು ಏನೂ ಆಗ್ಲಿಲ್ಲ, ನಂಗೇ ಆಶ್ಚರ್ಯ. ಆಮೇಲೆ ಮೂಲೆ ಎದ್ದು ಸೋಪಿನ ನೀರು ಒಳಗೆ ಹೋಗಿ, ಅಲ್ಲೇ ಕಪ್ಪಗೆ ಬೂಷ್ಟು, ತೊಳೆಯೋಕೂ ಆಗಲ್ಲ. ಅಲ್ಲದೆ ನಮ್ಮ ಪ್ಯಾನಲ್ಲಲ್ಲಿ ಪಟ್ಟಿಗೊಂದು ಜಾಯಿಂಟ್ ಗೆರೆ ಇದೆ, ಅದರ ಮೇಲೆ ಸ್ಟಿಕ್ಕರ್ ಎಳೆದ್ರೆ ಒಳಗೆ ಗಾಳಿ ಉಳಿಯತ್ತೆ. ವಾಶ್ ಬೇಸಿನ್ ಹಿಂದೆ, ನೀರು ಸಿಡಿಯೋದಷ್ಟೇ ಇರೋ ಕಡೆಗಾದ್ರೆ ಪರ್ವಾಗಿಲ್ಲ. ಬಾಡಿಗೆ ಮನೆಯೋರಿಗೂ ಇದೇ ವಾಸಿ, ಓನರ್ ಕೈಲಿ ಬೈಸ್ಕೊಳ್ಳೋದು ತಪ್ಪತ್ತೆ.

ನಿಜವಾದ ಜಿದ್ದಾಜಿದ್ದಿ ಇರೋದು ಉಳಿದ ಎರಡರ ಮಧ್ಯೆ. ಒಂದು, ಪ್ಲಾಸ್ಟಿಕ್ ಪ್ರೈಮರ್ (ಪ್ಲಾಸ್ಟಿಕ್ಕಿಗೆ ಪೇಂಟ್ ಹಿಡಿಯೋ ಹಾಗೆ ಮಾಡೋ ಮೊದಲ ಕೋಟ್) ಹಚ್ಚಿ ಅದ್ರ ಮೇಲೆ ವಾಟರ್ ಬೇಸ್ ಎನಾಮಲ್, ಅಂದ್ರೆ ನೀರಲ್ಲಿ ಕಲಸೋ ಗಟ್ಟಿ ಪೇಂಟ್. ಇನ್ನೊಂದು, ಟೈಲ್ಸ್ ಮೇಲೆ ಹಚ್ಚೋಕೆ ಅಂತ ಬರೋ ಎರಡು ಡಬ್ಬಿ ಎಪಾಕ್ಸಿ.

ಪ್ರೈಮರ್ ನಮ್ಮ ಮಾಮೂಲಿ ಪೇಂಟ್ ಅಂಗಡೀಲಿ ಸಿಗ್ಲಿಲ್ಲ, "ಗೋಡೆ ಪ್ರೈಮರ್ರೇ ಹಾಕಿ ಮೇಡಂ, ಎಲ್ಲಾ ಒಂದೇ" ಅಂದ್ರು. ಎಲ್ಲಾ ಒಂದೇ ಅಲ್ಲ. ಕಾರು ಬಂಪರಿಗೆ ಪೇಂಟ್ ಮಾಡೋರಿಗೆ ಸಾಮಾನು ಮಾರೋ ಅಂಗಡೀಲಿ ಸಿಕ್ತು. ತೆಳ್ಳಗೆ ಒಂದೇ ಕೋಟ್, ಅರ್ಧ ಗಂಟೆಗೆ ಒಣಗತ್ತೆ. ಅದ್ರ ಮೇಲೆ ಎನಾಮಲ್ ಚಿಕ್ಕ ಫೋಮ್ ರೋಲರಲ್ಲಿ ಮೂರು ತೆಳು ಕೋಟ್. ವಾಸನೆ ಇಲ್ಲ, ರೋಲರ್ ನೀರಲ್ಲಿ ತೊಳೆದ್ರೆ ಆಯ್ತು, ಫಿನಿಶ್ ನೋಡಿದ್ರೆ ಮನೇಲಿ ಮಾಡಿದ್ದು ಅಂತ ಯಾರೂ ಹೇಳಲ್ಲ.

ಎಪಾಕ್ಸಿ ಹಾಗಲ್ಲ, ಅದು ಒಂದು ಥರ ಮುನಿಸಿನ ನೆಂಟ. ಬೇಸ್ ಒಂದು ಡಬ್ಬಿ, ಹಾರ್ಡ್ನರ್ ಒಂದು ಡಬ್ಬಿ, ಅಳತೆ ಡಬ್ಬಿ ಮೇಲೆ ಇದ್ದ ಹಾಗೇ ಇರ್ಬೇಕು, ಬೇಗ ಒಣಗ್ಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದ್ರೆ ಕೆಡತ್ತೆ. ನಾನು ಮೊದಲ್ನೇ ಸಲ ಹುಮ್ಮಸ್ಸಲ್ಲಿ ಅರ್ಧ ಲೀಟರ್ ಒಂದೇ ಪ್ಲಾಸ್ಟಿಕ್ ಡಬ್ಬೀಲಿ ಕಲಸಿ, ಒಲೆ ಮೇಲೆ ಹಾಲಿಟ್ಟಿದ್ದೆ ಅಂತ ಓಡಿ, ವಾಪಸ್ ಬಂದು ಹಿಡ್ಕೊಂಡ್ರೆ ಡಬ್ಬಿ ಸುಡ್ತಿದೆ, ಬ್ರಷ್ ಅದ್ರೊಳಗೇ ನಿಂತ್ಬಿಟ್ಟಿದೆ! ಎರಡೂ ಸೇರಿದ್ರೆ ತಾನೇ ಬಿಸಿ ಆಗತ್ತೆ, ಒಂದೇ ಕಡೆ ಜಾಸ್ತಿ ಇದ್ದಷ್ಟೂ ಬೇಗ ಕಲ್ಲಾಗತ್ತೆ. ಬ್ರಷ್ಷೂ ಹೋಯ್ತು ದುಡ್ಡೂ ಹೋಯ್ತು, ಹಾಲೂ ಉಕ್ಕಿತ್ತು. ಆಮೇಲಿಂದ ಅಗಲ ತಟ್ಟೇಲಿ ಒಂದೊಂದು ಲೋಟದಷ್ಟೇ ಕಲಸೋದು. ಮಳೆಗಾಲದಲ್ಲಿ ಇನ್ನೊಂದು ಕಾಟ, ಗಾಳೀಲಿ ತೇವ ಇದ್ರೆ ಒಣಗಿದ ಕೋಟ್ ಮೇಲೆ ಎಣ್ಣೆ ಸವರಿದ ಹಾಗೆ ಒಂದು ಪದರ ಬರತ್ತೆ, ಅದನ್ನ ಸೋಪು ನೀರಲ್ಲಿ ತೊಳೀದೆ ಎರಡನೇ ಕೋಟ್ ಹಚ್ಚಿದ್ರೆ ಮತ್ತೆ ಹಪ್ಪಳದ ಕಥೆನೇ. ವಾಸನೆಗೆ ತಲೆ ಸಿಡಿಯತ್ತೆ, ಗ್ಲೌಸ್ ಇಲ್ದೆ ಮುಟ್ಬೇಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಬಾಗಿಲು ತೆಗ್ದೇ ಕೆಲಸ ಮಾಡಿ. ಒಂದು ವಾರ ನೀರು ತಾಗಿಸೋ ಹಾಗಿಲ್ಲ. ಒಂದೇ ಬಾತ್ರೂಮಿರೋ ಮನೇಲಿ ಒಂದು ವಾರ ಅಂದ್ರೆ ಏನು ಅಂತ ಯೋಚ್ನೆ ಮಾಡಿ, ನಾವು ಪಕ್ಕದ ಬೀದೀಲಿರೋ ನಮ್ಮ ದೊಡ್ಡಮ್ಮನ ಮನೆಗೆ ಬಕೆಟ್ ಹಿಡ್ಕೊಂಡು ಹೋಗ್ತಿದ್ವಿ.

ಮನೆಯವ್ರು ಬೇಗ ಒಣಗಿಸ್ತೀನಿ ಅಂತ ಯಾರ ಹತ್ರಾನೋ ಹೀಟ್ ಗನ್ ತಂದಿದ್ರು. ಪಿವಿಸಿ 80 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗತ್ತೆ, ಹೀಟ್ ಗನ್ ಗಾಳಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ತುಂಡು ದೋಣಿ ಥರ ಬಾಗಿ ಹೋಯ್ತು. ಅದನ್ನ ಮತ್ತೆ ಮಾಡ್ಬೇಕಾಗಿ ಬಂತು, ನಾನೇನೂ ಅನ್ಲಿಲ್ಲ, ಬಾವುಟದಂಗಡಿ ಅಂದಿದ್ದಕ್ಕೆ ಅಲ್ಲಿಗಲ್ಲಿಗೆ ಸರಿಹೋಯ್ತು.

ಸೆಪ್ಟೆಂಬರಲ್ಲಿ ಎಲ್ಲಾ ಬಿಚ್ಚಿ ಟೆಸ್ಟ್. ಬ್ಲೇಡಲ್ಲಿ ಅಡ್ಡ ಆರು ಉದ್ದ ಆರು ಗೆರೆ ಗೀರಿ, ಸಣ್ಣ ಚೌಕಗಳು ಬರೋ ಹಾಗೆ, ಅದ್ರ ಮೇಲೆ ಸೆಲ್ಲೋಟೇಪ್ ಗಟ್ಟಿಯಾಗಿ ಒತ್ತಿ ಒಂದೇ ಏಟಿಗೆ ಕೀಳೋದು, ಪೇಂಟ್ ಫ್ಯಾಕ್ಟರಿಗಳಲ್ಲೂ ಹೀಗೇ ನೋಡ್ತಾರೆ. ಆಯಿಲ್ ಪೇಂಟಿನ 25 ಚೌಕದಲ್ಲಿ ಉಳಿದಿದ್ದು 7. ಪ್ರೈಮರ್ ಜೊತೆಗಿನ ಎನಾಮಲ್ಲಲ್ಲಿ ಅಂಚಿನ 2 ಚೌಕ ಮಾತ್ರ ಹೋಯ್ತು. ಎಪಾಕ್ಸೀಲಿ ಒಂದು ಚೌಕವೂ ಹೋಗ್ಲಿಲ್ಲ. ಆದ್ರೆ ಬಣ್ಣದಲ್ಲಿ ಎಪಾಕ್ಸಿ ಸೋತಿತ್ತು, ವೆಂಟಿಲೇಟರ್ ಎದುರಿಗೆ ಬಿಸಿಲು ಬೀಳೋ ಕಡೆ ಅರ್ಧ ದಿನ ಇರ್ತಿದ್ದ ತುಂಡು ಆಗ್ಲೇ ಸ್ವಲ್ಪ ಕೆನೆ ಬಣ್ಣ, ಎನಾಮಲ್ ಹಚ್ಚಿದ ದಿನದ ಹಾಗೇ ಬೆಳ್ಳಗಿತ್ತು. ಖರ್ಚು ನೋಡಿದ್ರೆ ನಂಗೆ ಎಪಾಕ್ಸಿ ಎರಡರಷ್ಟು ಬಿತ್ತು, ಕಲ್ಲಾದ ಅರ್ಧ ಲೀಟರ್ ಲೆಕ್ಕಕ್ಕೆ ಸೇರಿಸ್ದೆನೇ.

ಹಾಗಾಗಿ ಎರಡನ್ನೂ ಹಂಚ್ದೆ. ಶವರ್ ಮತ್ತು ನಲ್ಲಿ ಇರೋ ಗೋಡೆಗೆ ನೆಲದಿಂದ 5 ಅಡಿ ತನಕ ಎಪಾಕ್ಸಿ, ಬಾಕಿ ಎಲ್ಲಾ ಕಡೆ ಪ್ರೈಮರ್ ಮತ್ತು ಎನಾಮಲ್. ಎರಡೂ ಸೇರೋ ಕಡೆ ಬಣ್ಣದ ವ್ಯತ್ಯಾಸ ಎದ್ದು ಕಾಣ್ಬಾರ್ದು ಅಂತ ಕೆಳಗೆ ತಿಳಿ ಬೂದು, ಮೇಲೆ ಬಿಳಿ. ಗೋಡೆಗೆ ಹಚ್ಚೋವಾಗ ಗೊತ್ತಾಗಿದ್ದು ಎರಡು ವಿಷಯ ಇದೆ. ಒಂದು, ಮೂಲೆಗಳಲ್ಲಿ ಹಳೇ ಸಿಲಿಕಾನ್ ಇದ್ರೆ ಅದ್ರ ಮೇಲೆ ಯಾವ ಪೇಂಟೂ ನಿಲ್ಲಲ್ಲ, ಕೆತ್ತಿ ತೆಗ್ದು, ಪೇಂಟ್ ಪೂರ್ತಿ ಒಣಗಿದ್ಮೇಲೆ ಹೊಸದು ಹಾಕಿ. ಇನ್ನೊಂದು, ಪಟ್ಟಿ ಪಟ್ಟಿ ಮಧ್ಯದ ಗೆರೆ ಪೇಂಟಲ್ಲಿ ಮುಚ್ಚೋ ಹಾಗಿಲ್ಲ. ಬಿಸಿನೀರಿನ ಹಬೆಗೆ ಪಿವಿಸಿ ಹಿಗ್ಗತ್ತೆ, 10 ಅಡಿ ಪಟ್ಟಿ 10 ಡಿಗ್ರಿ ಬಿಸಿ ಏರಿದ್ರೆ ಹೆಚ್ಚುಕಮ್ಮಿ 2 ಮಿಲಿಮೀಟರ್, ಆಗ ಗೆರೆ ಮುಚ್ಚಿದ ಪೇಂಟ್ ಬಿರಿಯತ್ತೆ, ನೀರಿಗೆ ದಾರಿ ಅಲ್ಲೇ. ಪೇಂಟ್ ಹಸಿ ಇರೋವಾಗ್ಲೇ ಹಿಡಿಕಡ್ಡಿ ಪೊರಕೆಯ ಒಂದು ಕಡ್ಡಿ ಆ ಗೆರೇಲಿ ಮೇಲಿಂದ ಕೆಳಗೆ ಎಳೆದ್ರೆ ಸಾಕು.

ಕಮೋಡ್ ಹಿಂದಿನ ಗೋಡೆಗೆ ಮಾತ್ರ ಪೇಂಟ್ ಮಾಡ್ಲೇ ಇಲ್ಲ. ತಿಕ್ಕೋವಾಗ ಒಂದು ಕಡೆ ಪ್ಯಾನಲ್ ಒಳಗೆ ಹೋಯ್ತು, ಬಿಚ್ಚಿ ನೋಡಿದ್ರೆ ಹಿಂದಿನ ಮರದ ಪಟ್ಟಿ ಗೆದ್ದಲು ತಿಂದು ಹಿಟ್ಟಾಗಿತ್ತು, ಹಳೇ ಪೈಪಿಂದ ಹನಿ ಹನಿ ಸೋರ್ತಾ ಇತ್ತು. ಪ್ಲಂಬರ್ ಕರ್ಸಿ ಸರಿ ಮಾಡ್ಸಿ, ಅಲ್ಲಿಗೆ ಅಲ್ಯೂಮಿನಿಯಂ ಫ್ರೇಮ್ ಹಾಕ್ಸಿ ಹೊಸ ಬಿಳೀ ಪ್ಯಾನಲ್ಲೇ ಕೂರ್ಸಿದ್ವಿ. ನಿಮ್ಮಲ್ಲೂ ಪೇಂಟ್ ತರೋಕೆ ಮುಂಚೆ ಗೋಡೆ ಪೂರ್ತಿ ಬೆರಳಲ್ಲಿ ಒತ್ತಿ ನೋಡಿ, ಮುಗ್ಗಲು ವಾಸನೆ ಬರ್ತಿದ್ರೆ ಒಂದು ಪಟ್ಟಿನಾದ್ರೂ ಬಿಚ್ಚಿ.

ಈಗ ಒಂಬತ್ತು ತಿಂಗಳಾಯ್ತು. ಸೋಪ್ ಸ್ಟ್ಯಾಂಡ್ ಕೆಳಗೆ ಸ್ಟೀಲ್ ಬಕೆಟ್ ತಾಗಿ ಎಪಾಕ್ಸೀಲಿ ಒಂದು ಗೀರು ಬಿದ್ದಿದೆ, ಅಂಚು ಎದ್ದಿಲ್ಲ. ಮೇಲಿನ ಎನಾಮಲ್ಲಲ್ಲಿ ಗೀಸರ್ ಪಕ್ಕ ಒಂದು ಕಡೆ ಸಣ್ಣ ಗುಳ್ಳೆ, ಅಲ್ಲಿ ನಾನು ಸರಿಯಾಗಿ ತಿಕ್ಕಿರ್ಲಿಲ್ಲ, ಕೈ ಎಟುಕ್ತಿರ್ಲಿಲ್ಲ. ಅತ್ತೆ ಈಗ ಲೈಟ್ ಹಾಕ್ದೆ ಸ್ನಾನಕ್ಕೆ ಹೋಗ್ತಾರೆ, "ಇಷ್ಟು ಬೆಳಕಲ್ಲಿ ನೆಲದ ಪಾಚಿ ಎಲ್ಲಾ ಕಾಣತ್ತಲ್ಲೇ" ಅಂದ್ರು ಮೊನ್ನೆ.