ಗ್ರಂಥಾಲಯದ ವಿಡಿಯೊ ಪಾಠಗಳು: ಅರೆಕಾಲಿಕ ಸಂಶೋಧಕಿಯ ಅಭಿಪ್ರಾಯ

ಬೆಂಗಳೂರಿನ ಕೆರೆಗಳ ಇತಿಹಾಸದ ಮೇಲೆ ಅರೆಕಾಲಿಕವಾಗಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹಗಲೆಲ್ಲ ಮಲ್ಲೇಶ್ವರದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ. ನಾನು ನೋಂದಾಯಿಸಿಕೊಂಡಿರುವ ವಿಶ್ವವಿದ್ಯಾಲಯದ ಗ್ರಂಥಾಲಯವು ಹೊಸ ಸಂಶೋಧಕರಿಗಾಗಿ ವರ್ಷಕ್ಕೊಮ್ಮೆ ಪರಿಚಯ ಕಾರ್ಯಕ್ರಮ ನಡೆಸುತ್ತದೆ, ಅದೂ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ನೌಕರಿಯಲ್ಲಿರುವವರಿಗೆ ಅದು ಸಿಗುವ ಮಾತೇ ಇಲ್ಲ. ಹೋಗಿ ಕುಳಿತವರಿಗೂ ಪೂರ್ತಿ ದಕ್ಕುವುದಿಲ್ಲ. ಡೇಟಾಬೇಸ್‌ಗಳ ಬಗ್ಗೆ ಮೊದಲ ವಾರ ಕೇಳಿದ್ದು ನಿಜವಾಗಿ ಬೇಕಾಗುವುದು ಎರಡನೇ ಅಧ್ಯಾಯ ಬರೆಯಲು ಕುಳಿತಾಗ. ಈಗ ಗ್ರಂಥಾಲಯದವರು ಅದೇ ಪಾಠಗಳನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್‌ನಲ್ಲಿ ಹಾಕಿದ್ದಾರೆ. ಕೊರತೆಗಳಿವೆ, ಆದರೂ ಇದು ನನ್ನಂಥವರಿಗೆ ಬಹಳ ಕಾಲದಿಂದ ಬೇಕಾಗಿದ್ದ ಸೇವೆ.

ಇವುಗಳಲ್ಲಿ ಅತ್ಯುತ್ತಮವಾದದ್ದು ಹುಡುಕಾಟದ ಪದಗಳನ್ನು ಕುರಿತ ವಿಡಿಯೊ. ಏಳೆಂಟು ನಿಮಿಷದ್ದು, ಅಷ್ಟೇ. ಪಾಠ ಮಾಡುವ ಗ್ರಂಥಪಾಲಕರು ಪೀಠಿಕೆ ಹಾಕದೆ ನೇರವಾಗಿ ಗ್ರಂಥಾಲಯದ ಆನ್‌ಲೈನ್ ಪುಸ್ತಕಸೂಚಿಯ ಪುಟ ತೆರೆದು, ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ 'ಬೆಂಗಳೂರು' ಎಂದು ಟೈಪ್ ಮಾಡುತ್ತಾರೆ. ಬರುವ ಪಟ್ಟಿ ಸಣ್ಣದು, ಬಹುಪಾಲು ಈಚಿನ ಪುಸ್ತಕಗಳು. ಇಂಗ್ಲಿಷಿನಲ್ಲೂ ಈ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಅದಕ್ಕೆ ಹಿಂದಿನ ಪುಸ್ತಕ, ವರದಿ, ಗೆಜೆಟಿಯರ್‌ಗಳಲ್ಲಿ ಇರುವುದು 'ಬ್ಯಾಂಗಲೋರ್'. ಎರಡು ಹೆಸರುಗಳ ನಡುವೆ ದೊಡ್ಡ ಅಕ್ಷರದಲ್ಲಿ 'ಆರ್' (OR, ಅಥವಾ) ಎಂದು ಹಾಕಿದೊಡನೆ ಪಟ್ಟಿ ಕಣ್ಣೆದುರೇ ಉದ್ದವಾಗುತ್ತದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 9ನೇ ಸಂಪುಟ, 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿಗಾಗಿಯೇ ಬಂದದ್ದು, ಹಳೆಯ ಹೆಸರಿನಲ್ಲಿ ಹುಡುಕಿದರೆ ಮಾತ್ರ ಮೇಲೆ ಬರುತ್ತದೆ. ಕೆರೆಗೂ ಇದೇ ಕಥೆ. ಬ್ರಿಟಿಷರ ಕಡತಗಳಲ್ಲಿ ಅದು 'ಟ್ಯಾಂಕ್', ಇಂದಿನ ಲೇಖನಗಳಲ್ಲಿ 'ಲೇಕ್'. ಟ್ಯಾಂಕ್ ಎಂದು ಹುಡುಕಿದರೆ ಯುದ್ಧದ ಟ್ಯಾಂಕು, ಪೆಟ್ರೋಲ್ ಟ್ಯಾಂಕು ಎಲ್ಲವೂ ಬಂದು ತುಂಬಿಕೊಳ್ಳುತ್ತವೆ. 'ನಾಟ್' (NOT, ಬೇಡ) ಬಳಸಿ ಅವುಗಳನ್ನು ತೆಗೆಯುವುದನ್ನು ತೋರಿಸಿ, ಹಾಗೆ ತೆಗೆಯುವಾಗ ಬೇಕಾದದ್ದೂ ಹೋಗಿಬಿಡಬಹುದು ಎಂದು ಎಚ್ಚರಿಸುತ್ತಾರೆ. ಆ ಎಚ್ಚರಿಕೆಯ ಮಾತಿನಿಂದಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಇಂಥದ್ದನ್ನು ಸಭಾಂಗಣದಲ್ಲಿ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ವಿಡಿಯೊ ನಿಲ್ಲಿಸಿ, ಪಕ್ಕದಲ್ಲಿ ಸೂಚಿ ತೆರೆದು, ನಮ್ಮದೇ ವಿಷಯ ಹಾಕಿ ನೋಡಿ ಮತ್ತೆ ಮುಂದುವರಿಸಬಹುದು. ರೆಕಾರ್ಡ್ ಮಾಡಿದ ಪಾಠದ ನಿಜವಾದ ಲಾಭ ಇದೇ.

ಶೋಧಗಂಗಾ ಕುರಿತ ವಿಡಿಯೊ ಕೂಡ ಕೆಲಸಕ್ಕೆ ಬರುತ್ತದೆ. ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಆ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಒಂದೊಂದು ಮಹಾಪ್ರಬಂಧವೂ ಅಧ್ಯಾಯವಾರು ಬೇರೆ ಬೇರೆ ಪಿಡಿಎಫ್ ಆಗಿರುತ್ತದೆ. ಮೊದಲು ಪರಿವಿಡಿಯನ್ನೂ ಗ್ರಂಥಋಣದ ಕಡತವನ್ನೂ ತೆರೆಯಿರಿ, ಬೇಕೆನಿಸಿದರೆ ಮಾತ್ರ ಒಳಗಿನ ಅಧ್ಯಾಯಕ್ಕೆ ಹೋಗಿ ಎನ್ನುವ ಸಲಹೆ ನನ್ನ ಎಷ್ಟೋ ಸಂಜೆಗಳನ್ನು ಉಳಿಸಿದೆ. ಜೊಟೆರೊ ಎಂಬ ತಂತ್ರಾಂಶ ಬಳಸಿ ಉಲ್ಲೇಖ ಜೋಡಿಸುವ ಪಾಠವೂ ಇದೆ, ಪರವಾಗಿಲ್ಲ.

ನನ್ನ ದೊಡ್ಡ ದೂರು ಬೇರೆ. ಪಾಠ ಕನ್ನಡದಲ್ಲಿದೆ, ಹುಡುಕಾಟವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಆಕರಗಳನ್ನು ಹುಡುಕುವುದು ಹೇಗೆ ಎಂಬುದಕ್ಕೆ ಒಂದೇ ಒಂದು ವಿಡಿಯೊ ಇಲ್ಲ. ಕನ್ನಡದಲ್ಲಿ, ಇತಿಹಾಸದಲ್ಲಿ, ಜಾನಪದದಲ್ಲಿ ಸಂಶೋಧನೆ ಮಾಡುವವರು ಸಿಕ್ಕಿಬೀಳುವುದೇ ಇಲ್ಲಿ. ಕೆಲವು ಕನ್ನಡ ಪ್ರಬಂಧಗಳ ಶೀರ್ಷಿಕೆ ರೋಮನ್ ಲಿಪಿಯಲ್ಲಿ ದಾಖಲಾಗಿರುತ್ತದೆ; 'ಶಾಸನ'ದ ಮೊದಲ ಅಕ್ಷರಕ್ಕೆ ಒಬ್ಬರು 'ಎಸ್' ಮಾತ್ರ ಬರೆದಿದ್ದರೆ ಇನ್ನೊಬ್ಬರು 'ಎಚ್' ಸೇರಿಸಿರುತ್ತಾರೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಅಕ್ಷರಸಂಕೇತಕ್ಕೆ ಮುಂಚಿನ ನುಡಿ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಿಡಿಎಫ್‌ಗಳದ್ದು ಇನ್ನೊಂದು ಕಷ್ಟ. ಪರದೆಯ ಮೇಲೆ ಸ್ವಚ್ಛ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಪಾಲಿಗೆ ಅದು ರೋಮನ್ ಅಕ್ಷರಗಳ ಕಲಸುಮೇಲೋಗರ. 'ಕೆರೆ' ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಆ ಪದ ಕಣ್ಣೆದುರಿಗಿದ್ದರೂ ಫಲಿತಾಂಶ ಶೂನ್ಯ. ಇದನ್ನು ತಿಳಿಯದ ವಿದ್ಯಾರ್ಥಿ 'ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ' ಎಂದು ಪೀಠಿಕೆಯಲ್ಲೇ ಬರೆದುಬಿಡುತ್ತಾನೆ. ಹತ್ತು ನಿಮಿಷದ ಒಂದು ವಿಡಿಯೊ ಆ ಅನಾಹುತವನ್ನು ತಡೆಯಬಲ್ಲದು.

ಇನ್ನು ಮನೆಯಿಂದ ಲಾಗಿನ್ ಆಗುವ ವಿಡಿಯೊ. ಗ್ರಂಥಾಲಯದ ಜಾಲತಾಣ ಬದಲಾಗಿದೆ, ವಿಡಿಯೊ ಹಳೆಯ ಪುಟವನ್ನೇ ತೋರಿಸುತ್ತಿದೆ. ಅವರು ಒತ್ತಿ ಎನ್ನುವ ಗುಂಡಿ ಈಗ ಆ ಜಾಗದಲ್ಲಿಲ್ಲ. ಇಂಥ ಪಾಠಕ್ಕೆ ಕೊನೆಯಪಕ್ಷ ರೆಕಾರ್ಡ್ ಮಾಡಿದ ತಿಂಗಳನ್ನಾದರೂ ಶೀರ್ಷಿಕೆಯಲ್ಲಿ ಬರೆಯಬೇಕು. ಕೃತಿಚೌರ್ಯ ತಪಾಸಣೆಯ ಪಾಠವಂತೂ ಆನ್‌ಲೈನ್ ಉಪನ್ಯಾಸವೊಂದರ ಇಡೀ ರೆಕಾರ್ಡಿಂಗ್. ಗಂಟೆಗೂ ಮೀರಿದ್ದು, ಸ್ವಾಗತ ಭಾಷಣ, 'ನನ್ನ ಧ್ವನಿ ಕೇಳಿಸುತ್ತಿದೆಯೇ' ಎಂಬ ವಿಚಾರಣೆ, ಅತಿಥಿಗಳ ಪರಿಚಯ, ಎಲ್ಲವೂ ಹಾಗೆಯೇ ಇವೆ. ಎಲ್ಲಿ ಏನಿದೆ ಎಂಬ ಸಮಯಸೂಚಿಯೂ ಇಲ್ಲ. ಓದುಗರ ಸಮಯ ಉಳಿಸಬೇಕೆಂಬುದನ್ನು 1931ರಲ್ಲೇ ಗ್ರಂಥಾಲಯ ವಿಜ್ಞಾನದ ನಾಲ್ಕನೇ ಸೂತ್ರವಾಗಿ ಬರೆದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿಯನ್ನು 1962ರಲ್ಲಿ ಕಟ್ಟಿದ್ದೂ ಇಲ್ಲಿಯೇ. ಆ ಊರಿನ ಗ್ರಂಥಾಲಯವೊಂದು ಕತ್ತರಿಸದ ರೆಕಾರ್ಡಿಂಗನ್ನು ವಿದ್ಯಾರ್ಥಿಗಳ ಮುಂದಿಡುವುದು ನನಗೆ ನೋವಿನ ಸಂಗತಿ.

ಪ್ರತಿ ವಿಡಿಯೊದ ಕೆಳಗೆ ಗ್ರಂಥಾಲಯದ ಇಮೇಲ್ ವಿಳಾಸವಿದೆ, ಅಲ್ಲಿ ಉತ್ತರ ಕೊಡುವವರೂ ಇದ್ದಾರೆ. ಕನ್ನಡ ಹುಡುಕಾಟದ ತೊಂದರೆಯನ್ನು ಬರೆದು ಕಳುಹಿಸಿದ್ದಕ್ಕೆ, ಪಾಠ ಮಾಡಿದ ಗ್ರಂಥಪಾಲಕರೇ 'ಮೇಡಂ, ಶನಿವಾರ ಬನ್ನಿ, ಕುಳಿತು ನೋಡೋಣ' ಎಂದು ಉತ್ತರಿಸಿದರು. ಹೋದೆ. ಮೂಲ ಪಾಠಗಳನ್ನೆಲ್ಲ ಮೊದಲೇ ನೋಡಿಕೊಂಡಿದ್ದರಿಂದ ಅವರ ಸಮಯ ಪೂರ್ತಿ ನನ್ನ ತೊಡಕಿಗೇ ಸಿಕ್ಕಿತು.

ಹೊಸದಾಗಿ ನೋಂದಾಯಿಸಿಕೊಂಡವರು ಹುಡುಕಾಟದ ಪದಗಳ ವಿಡಿಯೊದಿಂದ ಆರಂಭಿಸಿ, ಆಮೇಲೆ ಶೋಧಗಂಗಾ ನೋಡಲಿ. ಮೊಬೈಲಿನಲ್ಲಿ ಬೇಡ, ಅಕ್ಷರಗಳು ಕಾಣುವುದಿಲ್ಲ. ಲಾಗಿನ್ ವಿಡಿಯೊ ಹೊಸದಾಗುವವರೆಗೆ ಅದನ್ನು ಬಿಟ್ಟು, ಗುರುತಿನ ಚೀಟಿ ಹಿಡಿದು ನೇರವಾಗಿ ಕೌಂಟರಿನಲ್ಲಿ ಕೇಳುವುದು ಮೇಲು.