ಕಟ್ಟಿಗೆ, ಕರೆಂಟು, ಇನ್ಫ್ರಾರೆಡ್: ಮನೆಯ ಸೌನಾಕ್ಕೆ ಯಾವುದು ಸರಿ?

ಸೌನಾ ಅಂದರೆ ಬಿಸಿಯೇರಿಸಿದ ಮರದ ಕೋಣೆಯಲ್ಲಿ ಕೂತು ಬೆವರುವುದು. ಅಲ್ಲಿ ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ ಆವಿ ಎಬ್ಬಿಸಬೇಕೋ ಬೇಡವೋ? ಇದನ್ನು ಮೊದಲು ತೀರ್ಮಾನಿಸಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಬೇಡ ಅನ್ನುವವರಿಗೆ, ಗೋಡೆಯ ಫಲಕಗಳಿಂದ ಶಾಖದ ಕಿರಣ ಬೀರುವ ಇನ್ಫ್ರಾರೆಡ್ ಕ್ಯಾಬಿನ್ ಇದೆ. ಬೇಕು ಅನ್ನುವವರ ಮುಂದೆ ಉಳಿಯುವುದು ಎರಡೇ: ಕರೆಂಟಿನ ಹೀಟರ್ ಅಥವಾ ಕಟ್ಟಿಗೆ ಒಲೆ. ಮೂರರಲ್ಲೂ ಕೂತು ನೋಡಿದರೆ ವ್ಯತ್ಯಾಸ ಐದೇ ನಿಮಿಷದಲ್ಲಿ ಮೈಗೆ ಗೊತ್ತಾಗುತ್ತದೆ.

ಇನ್ಫ್ರಾರೆಡ್‌ನಲ್ಲಿ ಗಾಳಿಯ ಬಿಸಿ ಸಾಮಾನ್ಯವಾಗಿ 45ರಿಂದ 60 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಫಲಕದ ಶಾಖ ನೇರ ಮೈಗೆ ತಾಗುವುದರಿಂದ ಬೆನ್ನು ಚುರುಗುಟ್ಟುತ್ತಿರುವಾಗಲೇ ಮೀನಖಂಡ ತಣ್ಣಗಿರುತ್ತದೆ. ಕಾಲಿನ ಹಿಂದೆಯೂ ಎದುರು ಗೋಡೆಯಲ್ಲೂ ಫಲಕ ಇಲ್ಲದ ಕ್ಯಾಬಿನ್ ಅಗ್ಗವಾಗಿ ಸಿಕ್ಕರೂ ಬೇಡ. ಒಬ್ಬಿಬ್ಬರು ಕೂರುವ ಕ್ಯಾಬಿನ್ ಸುಮಾರು 1.5ರಿಂದ 2.5 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಯ 16 ಆಂಪ್ ಸಾಕೆಟ್ ಸಾಕು, ಆದರೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬಾರದು. 15–20 ನಿಮಿಷದಲ್ಲಿ ಕೂರಲು ಸಿದ್ಧ. ಬಾಡಿಗೆ ಮನೆಯವರಿಗೆ ಇದೇ ಸುಲಭ, ಬಿಚ್ಚಿ ಒಯ್ಯಬಹುದು. ಇದನ್ನು ಸೌನಾ ಅನ್ನಬೇಕೇ ಎಂದು ಕೇಳಿದರೆ, ನಮ್ಮ ಮಟ್ಟಿಗೆ ಅಲ್ಲ. ಕಲ್ಲಿಲ್ಲ, ಆವಿಯಿಲ್ಲ.

ಕರೆಂಟಿನ ಹೀಟರ್ ಕೋಣೆಯನ್ನು 70ರಿಂದ 90 ಡಿಗ್ರಿಗೆ ಏರಿಸುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ಎಷ್ಟು ಕಿಲೋವ್ಯಾಟಿನ ಹೀಟರ್ ಬೇಕೆಂಬ ಲೆಕ್ಕದಲ್ಲಿ. ಒಂದು ಘನ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಎಂಬ ಸೂತ್ರ ಎಲ್ಲರಿಗೂ ಗೊತ್ತು. ಗಾಜು, ಇಟ್ಟಿಗೆ, ಟೈಲ್ಸ್ ಶಾಖ ಹೀರುವುದನ್ನು ಮರೆಯುತ್ತಾರೆ. ಶಾಖ ತಡೆಯುವ ಪದರವಿಲ್ಲದ ಅಂಥ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಕೋಣೆಯ ಗಾತ್ರಕ್ಕೆ 1.2 ಘನ ಮೀಟರ್ ಸೇರಿಸಿ. 1.8 × 1.5 ಮೀಟರಿನ, 2.1 ಎತ್ತರದ ಕೋಣೆ 5.7 ಘನ ಮೀಟರ್. 1.3 ಚದರ ಮೀಟರಿನ ಗಾಜಿನ ಬಾಗಿಲು ಸೇರಿದರೆ 7.2. ಅಂದರೆ 6 ಕಿಲೋವ್ಯಾಟ್ ಏದುಸಿರು ಬಿಡುತ್ತದೆ, 8 ಬೇಕು. ಅದು ಸಿಂಗಲ್ ಫೇಸ್ 230 ವೋಲ್ಟ್‌ನಲ್ಲಿ ಸುಮಾರು 35 ಆಂಪ್, ತ್ರೀ ಫೇಸ್‌ನಲ್ಲಿ ಫೇಸಿಗೆ 11.5 ಆಂಪ್. ಹೀಟರಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್‌ಗೆ ಮನೆಯ ಮೀಟರು, ಲೋಡು ತೋರಿಸಿ. ಹೀಟರಿನ ಹತ್ತಿರ ಮಾಮೂಲಿ ಪಿವಿಸಿ ವೈರು ಒಣಗಿ ಬಿರಿಯುತ್ತದೆ, ಶಾಖ ತಡೆಯುವ ರಬ್ಬರ್ ಅಥವಾ ಸಿಲಿಕೋನ್ ಕೇಬಲ್ಲೇ ಆಗಬೇಕು.

ಬಹಳ ದಿನ ಗೋದಾಮಿನಲ್ಲಿದ್ದ ಹೀಟರ್ ಮೊದಲ ಸಲ ಹಾಕಿದಾಗ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಬೀಳಿಸಬಹುದು. ಎಲಿಮೆಂಟಿನ, ಅಂದರೆ ಕಾಯುವ ಕೊಳವೆಯ, ಒಳಗಿನ ಪುಡಿ ತೇವ ಹೀರಿರುತ್ತದೆ. ಒಮ್ಮೆರಡು ಸಲ ಕಾದು ಒಣಗಿದರೆ ಸರಿಹೋಗುತ್ತದೆ. ಆದರೆ ಆ ಕೆಲಸ ಎಲೆಕ್ಟ್ರಿಷಿಯನ್‌ನದು, ಆರ್‌ಸಿಸಿಬಿ ತಪ್ಪಿಸಿ ನೀವೇ ವೈರು ಕೊಡಬೇಡಿ.

ಕಲ್ಲಿನ ವಿಷಯದಲ್ಲಿ ಜಿಪುಣತನ ಬೇಡ. ಹೊಳೆಯ ಗುಂಡುಕಲ್ಲು ಒಳಗಿನ ತೇವಕ್ಕೆ ಸಿಡಿಯಬಹುದು. ಸೌನಾಕ್ಕೆಂದೇ ಮಾರುವ ಆಲಿವಿನ್ ಡಯಾಬೇಸ್ ಅಥವಾ ಪೆರಿಡೋಟೈಟ್ ಎಂಬ ಕಲ್ಲು ತನ್ನಿ. ತೊಳೆದು, ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಅಳ್ಳಕವಾಗಿ ಪೇರಿಸಿ. ಒತ್ತಿ ತುಂಬಿದರೆ ಗಾಳಿ ಆಡದೆ ಎಲಿಮೆಂಟ್ ಸುಡುತ್ತದೆ. ವರ್ಷಕ್ಕೊಮ್ಮೆಯಾದರೂ ಎಲ್ಲ ಇಳಿಸಿ, ಪುಡಿಯಾದವನ್ನು ಎಸೆದು ಮತ್ತೆ ಪೇರಿಸಬೇಕು.

ಕಟ್ಟಿಗೆ ಒಲೆಯ ಬಿಸಿ ಮೆದು ಎಂಬ ಮಾತಿದೆ. ಅರ್ಧ ನಿಜ. ಆ ಮೆದುತನದ ಬಹುಪಾಲು ಬರುವುದು ಬೆಂಕಿಯಿಂದಲ್ಲ, ಕಲ್ಲಿನ ರಾಶಿಯಿಂದ ಮತ್ತು ಒಲೆ ಎಳೆದುಕೊಳ್ಳುವ ಹೊಸ ಗಾಳಿಯಿಂದ. 80–100 ಕಿಲೋ ಕಲ್ಲು ಹಿಡಿಯುವ ಕರೆಂಟಿನ ಹೀಟರ್ ಅದರ ಹತ್ತಿರ ಬರುತ್ತದೆ. 20 ಕಿಲೋದ ಗೋಡೆ ಹೀಟರ್‌ನಲ್ಲಿ ಆವಿ ಮುಖಕ್ಕೆ ರಾಚುತ್ತದೆ. ಒಲೆ ಕಾಯಲು ಮುಕ್ಕಾಲರಿಂದ ಒಂದು ಗಂಟೆ, ಬೂದಿ ತೆಗೆಯುವ ಕೆಲಸ ಬೇರೆ. ತೇವಾಂಶ ಶೇ 20ಕ್ಕಿಂತ ಕಡಿಮೆಯಿರುವ ಕಟ್ಟಿಗೆಯೇ ಬೇಕು. ಹಸಿ ಕಟ್ಟಿಗೆಯಿಂದ ಚಿಮಣಿಯೊಳಗೆ ಟಾರಿನಂಥ ಮಸಿ ಕಟ್ಟಿ ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಛಾವಣಿ ದಾಟುವ ಜಾಗದಲ್ಲಿ ಇನ್ಸುಲೇಟೆಡ್ ಕೊಳವೆ ಕಡ್ಡಾಯ. ಒಲೆಗೂ ಮರದ ಗೋಡೆಗೂ ತಯಾರಕರು ಹೇಳಿದ ಅಂತರದಲ್ಲಿ ಒಂದಂಗುಲವೂ ಚೌಕಾಶಿಯಿಲ್ಲ. ಅಂಗಳದಲ್ಲಿ ಪ್ರತ್ಯೇಕ ಕೋಣೆ ಇದ್ದರೆ ನಮ್ಮ ಓಟು ಇದಕ್ಕೆ. ಫ್ಲ್ಯಾಟಿನಲ್ಲಿ ಯೋಚನೆಯೇ ಬೇಡ.

ಯಾವ ಒಲೆ ತಂದರೂ ಕೋಣೆ ಕೆಟ್ಟರೆ ಸೌನಾ ಕೆಟ್ಟಂತೆ. ಬಿಸಿ ಮೇಲೆಯೇ ನಿಲ್ಲುವುದರಿಂದ ಮೇಲಿನ ಬೆಂಚು ಛಾವಣಿಯಿಂದ 100–110 ಸೆಂಟಿಮೀಟರ್ ಕೆಳಗಿರಲಿ, ಕೂತಾಗ ಪಾದ ಕಲ್ಲಿನ ಮಟ್ಟಕ್ಕಿಂತ ಮೇಲಿರಲಿ. ಇಲ್ಲವಾದರೆ ತಲೆ ಕಾಯುತ್ತದೆ, ಪಾದ ಕಾಯುವುದೇ ಇಲ್ಲ. ಗೋಡೆಗೆ 50, ಛಾವಣಿಗೆ 100 ಮಿಲಿಮೀಟರ್ ಮಿನರಲ್ ವೂಲ್ (ಶಾಖ ತಡೆಯುವ ಖನಿಜದ ನಾರು). ಅದರ ಒಳಬದಿಗೆ ಅಲ್ಯೂಮಿನಿಯಂ ಫಾಯಿಲ್, ಕೀಲುಗಳಿಗೆಲ್ಲ ಅಲ್ಯೂಮಿನಿಯಂ ಟೇಪು. ಫಾಯಿಲಿಗೂ ಹಲಗೆಗೂ ನಡುವೆ ರೀಪರ್ (ಮರದ ಪಟ್ಟಿ) ಹೊಡೆದು ಒಂದೆರಡು ಸೆಂಟಿಮೀಟರ್ ಸಂದು ಬಿಡಬೇಕು, ಇಲ್ಲದಿದ್ದರೆ ಹಲಗೆಯ ಹಿಂಬದಿ ಕೊಳೆಯುತ್ತದೆ. ಥರ್ಮೋಕೋಲ್ ಈ ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ, ಹತ್ತಿರ ಸೇರಿಸಬೇಡಿ. ಬೆಂಚಿಗೆ ಆಸ್ಪೆನ್, ಆಲ್ಡರ್ ಅಥವಾ ಅಬಾಚಿ ಮರ. ಪೈನ್ ಅಂಟು ಸುರಿಸಿ ತೊಡೆ ಸುಡುತ್ತದೆ. ಸ್ಕ್ರೂಗಳನ್ನು ಕೆಳಗಿನಿಂದ ಹಾಕಿ. ವಾರ್ನಿಷ್ ಬೇಡ.

ಕರೆಂಟಿನ ಹೀಟರಿಗೆ ಹೊಸ ಗಾಳಿಯ ಕಿಂಡಿ ಹೀಟರಿನ ಬಳಿ, ಹೊರಹೋಗುವ ಕಿಂಡಿ ಎದುರು ಬದಿಯಲ್ಲಿ ಬೆಂಚಿನ ಕೆಳಗೆ, ಗಾತ್ರದಲ್ಲಿ ಮೊದಲ ಕಿಂಡಿಯ ಇಮ್ಮಡಿ. ಹೊಸ ಗಾಳಿ ಬಿಸಿ ಅಳೆಯುವ ಸೆನ್ಸರ್ ಮೇಲೆ ಬೀಸಿದರೆ ಅದು ಕೋಣೆ ಇನ್ನೂ ತಣ್ಣಗಿದೆ ಎಂದುಕೊಳ್ಳುತ್ತದೆ, ಹೀಟರ್ ನಿಲ್ಲುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಇರಬಾರದು. ತಲೆಸುತ್ತಿದವರು ಬಾಗಿಲಿಗೆ ಒರಗಿದರೆ ಸಾಕು, ತೆರೆದುಕೊಳ್ಳಬೇಕು.

ಹೊಸ ಹೀಟರನ್ನು ಮೊದಲ ಸಲ ಒಳಗೆ ಯಾರೂ ಕೂರದೆ, ಕಿಂಡಿ ತೆರೆದು, ಒಂದು ಗಂಟೆ ಉರಿಸಿ; ಎಣ್ಣೆಯ ವಾಸನೆ ಹೋಗಲಿ. ಆಮೇಲೆ ಪ್ರತಿ ಸಲ ಎದ್ದು ಬಂದ ಮೇಲೂ ಹತ್ತು ನಿಮಿಷ ಬಿಸಿಯನ್ನು ಹಾಗೇ ಮುಂದುವರಿಸಿ, ಕಿಂಡಿಗಳನ್ನು ಪೂರ್ತಿ ತೆರೆದಿಟ್ಟರೆ ಹಲಗೆ ಒಣಗುತ್ತದೆ.